ಎರಡು ಗೋಡೆಗಳ ನಡುವಿನ ಮನೆಗೆ ಬೆಳಕು ಮೇಲಿನಿಂದ ಬರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಮನೆ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಅಲ್ಲಿ ಹೆಚ್ಚಾಗಿ ಬರುವುದೇನು? ಫಾಲ್ಸ್ ಸೀಲಿಂಗ್ ಯಾವ ಆಕಾರದ್ದಿರಬೇಕು, ಅದರೊಳಗೆ ಯಾವ ಬಣ್ಣದ ಎಲ್‌ಇಡಿ ಕೂರಿಸಬೇಕು, ಟೀವಿ ಹಿಂದಿನ ಗೋಡೆಗೆ ಯಾವ ಪ್ಯಾನೆಲ್ ಚೆಂದ, ಇಷ್ಟೇ. ಬೆಳಗ್ಗೆ ಹನ್ನೊಂದು ಗಂಟೆಯಲ್ಲೂ ಲೈಟ್ ಹಾಕಿಕೊಂಡೇ ಕೂರಬೇಕಾದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿವೆ, ಅದಕ್ಕೇನು ಮಾಡಬೇಕು ಅನ್ನುವ ಮಾತು ಮಾತ್ರ ಅಲ್ಲಿ ನನಗೆ ಕಂಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಿದೆ, ಆದರೂ ಪೂರ್ತಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಯಾಕೆಂದರೆ ಈ ಪ್ರಶ್ನೆಗೆ ಇನ್ನೂರು ವರ್ಷದ ಹಿಂದೆಯೇ ಒಬ್ಬರು ತಮ್ಮ ಸ್ವಂತ ಮನೆಯಲ್ಲೇ ಉತ್ತರ ಕಟ್ಟಿ ತೋರಿಸಿದ್ದಾರೆ, ಆ ಮನೆ ಇವತ್ತಿಗೂ ನಿಂತಿದೆ, ಒಳಗೆ ಹೋಗಿ ನೋಡಲು ದುಡ್ಡು ಕೂಡ ಕೊಡಬೇಕಿಲ್ಲ.

ಮನೆ ಇರುವುದು ಲಂಡನ್ನಿನಲ್ಲಿ. ಲಿಂಕನ್ಸ್ ಇನ್ ಫೀಲ್ಡ್ಸ್ ಅಂತ ಒಂದು ದೊಡ್ಡ ಚೌಕ, ನಡುವೆ ಮರಗಳಿರುವ ಉದ್ಯಾನ, ಅದರ ಉತ್ತರದ ಸಾಲಿನಲ್ಲಿ 12, 13 ಮತ್ತು 14ನೇ ನಂಬರಿನ ಮನೆಗಳು. ಕಟ್ಟಿದವರು ಸರ್ ಜಾನ್ ಸೋನ್. 1753ರಲ್ಲಿ ಇಟ್ಟಿಗೆ ಕಟ್ಟುವ ಕೆಲಸದವರೊಬ್ಬರ ಮಗನಾಗಿ ಹುಟ್ಟಿದವರು. ಕಷ್ಟಪಟ್ಟು ಓದಿ, ವಿದ್ಯಾರ್ಥಿವೇತನ ಪಡೆದು ಇಟಲಿಗೆ ಹೋಗಿ ಬಂದು, 1788ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯಾದರು, ಆ ಕೆಲಸವನ್ನು 45 ವರ್ಷ ಮಾಡಿದರು. ಈಗ ನಮ್ಮ ಕಡೆಯಿಂದ ಮಕ್ಕಳನ್ನು ನೋಡಲು ಲಂಡನ್ನಿಗೆ ಹೋಗುವ ತಂದೆ ತಾಯಂದಿರು ಜಾಸ್ತಿ. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆಯ ಮೇಲಿರುವ ಬಸವಣ್ಣನವರ ಪ್ರತಿಮೆಗೆ ಕೈಮುಗಿಯುತ್ತಾರೆ, ಲಂಡನ್ ಐ ಹತ್ತುತ್ತಾರೆ, ಅರಮನೆ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ. ಈ ಮನೆಗೆ ಹೋಗಿ ಬಂದೆ ಅಂದವರು ನನಗೆ ಸಿಕ್ಕಿಲ್ಲ. ನಾನು ಹೋಗಿದ್ದು ಮಗಳ ಹತ್ತಿರ ಇದ್ದಾಗ. ಕಟ್ಟಡದ ನಕ್ಷೆ ಬರೆಯುವ ಕೆಲಸದಲ್ಲೇ ಜೀವನ ಮಾಡಿದವನು ನಾನು, ಹಾಗಾಗಿ ಒಳಗೆ ಇಟ್ಟಿರುವ ವಿಗ್ರಹ, ಚಿತ್ರಗಳಿಗಿಂತ ಅವುಗಳ ಮೇಲೆ ಬೀಳುತ್ತಿದ್ದ ಬೆಳಕು ಎಲ್ಲಿಂದ ಬರುತ್ತಿದೆ ಅಂತ ಕತ್ತೆತ್ತಿ ನೋಡಿದ್ದೇ ಹೆಚ್ಚು.

ಲಂಡನ್ನಿನ ಸಾಲುಮನೆಗಳು ಹೇಗೆ ಹುಟ್ಟಿದವು ಅನ್ನುವುದನ್ನು ಮೊದಲು ಹೇಳಬೇಕು. 1666ರಲ್ಲಿ ಆ ಊರಿಗೆ ಬೆಂಕಿ ಬಿತ್ತು. ಮನೆಗಳು ಹೆಚ್ಚಾಗಿ ಮರದವು, ಒಂದಕ್ಕೊಂದು ಅಂಟಿಕೊಂಡಿದ್ದವು, ಊರಿನ ಹಳೇ ಭಾಗ ಬಹುಪಾಲು ಸುಟ್ಟು ಹೋಯಿತು. ಮರುವರ್ಷ, 1667ರಲ್ಲಿ, ಕಾನೂನು ಬಂತು. ಇನ್ನು ಮೇಲೆ ಹೊರಗೋಡೆ ಇಟ್ಟಿಗೆಯದ್ದೋ ಕಲ್ಲಿನದ್ದೋ ಆಗಿರಬೇಕು, ಮನೆಗಳನ್ನು ನಾಲ್ಕು ದರ್ಜೆ ಮಾಡಿ ಯಾವ ದರ್ಜೆಗೆ ಎಷ್ಟು ಮಹಡಿ, ಗೋಡೆ ಎಷ್ಟು ದಪ್ಪ ಅನ್ನುವುದನ್ನೂ ಬರೆದಿಟ್ಟರು. 1774ರ ಕಾಯ್ದೆ ಇದನ್ನು ಇನ್ನೂ ಬಿಗಿ ಮಾಡಿತು. ಎರಡು ಮನೆಗಳ ನಡುವಿನ ಗೋಡೆ ಬೆಂಕಿ ತಡೆಯುವಷ್ಟು ದಪ್ಪ ಇರಬೇಕು, ಮುಂಭಾಗದಲ್ಲಿ ಮರದ ಅಲಂಕಾರ ಅತಿಯಾಗಬಾರದು, ಬೀದಿಯ ಕಡೆಗೆ ಮನಸ್ಸಿಗೆ ಬಂದಷ್ಟು ಮುಂದೆ ಬರಬಾರದು. ಹೀಗೆ ಬೀದಿಗೆ ಬೀದಿಯೇ ಒಂದೇ ಎತ್ತರ, ಒಂದೇ ಇಟ್ಟಿಗೆ, ಒಂದೇ ಸಾಲಿನ ಕಿಟಕಿ. ಪಕ್ಕದ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ.

ಅಂಥ ಮನೆಯ ಒಳಗಿನ ನಕ್ಷೆ ಬಹಳ ಸರಳ. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಒಂದು ಪಕ್ಕಕ್ಕೆ ಮೆಟ್ಟಿಲು. ನೆಲದ ಕೆಳಗೆ ಅಡಿಗೆ, ಮೇಲೆ ಬಂದವರನ್ನು ಕೂರಿಸುವ ಕೋಣೆಗಳು, ಅದರ ಮೇಲೆ ಮಲಗುವ ಕೋಣೆಗಳು, ತುತ್ತತುದಿಯಲ್ಲಿ ಕೆಲಸದವರು. ಬೀದಿ ಕಡೆ ಅಗಲ ಕಡಿಮೆ, ಒಳಕ್ಕೆ ಉದ್ದ ಜಾಸ್ತಿ. ಎಡ ಬಲ ಎರಡೂ ಕಡೆ ಬೇರೆಯವರ ಮನೆ, ಹಾಗಾಗಿ ಅಲ್ಲಿ ಕಿಟಕಿ ಇಡುವ ಹಾಗೇ ಇಲ್ಲ. ಬೆಳಕು ಬಂದರೆ ಮುಂದಿನಿಂದ, ಇಲ್ಲವೇ ಹಿಂದಿನಿಂದ. ನಡುವಿನ ಜಾಗ ಕತ್ತಲೆ. ಮೆಟ್ಟಿಲ ಮೇಲೆ ಒಂದು ಗಾಜಿನ ಬೆಳಕಿಂಡಿ ಇಟ್ಟು ಒಂದಿಷ್ಟು ಬೆಳಕು ಇಳಿಸುವುದು ಆ ಕಾಲದ ಒಳ್ಳೆ ಮನೆಗಳಲ್ಲಿ ಇದ್ದದ್ದೇ. ಅದಕ್ಕಿಂತ ಮುಂದೆ ಹೋದವರು ಅಪರೂಪ.

ಇದನ್ನು ಓದುವಾಗ ನಮ್ಮ ಸೈಟುಗಳು ನೆನಪಾಗುವುದಿಲ್ವಾ? ಇಪ್ಪತ್ತು ಮೂವತ್ತು, ಮೂವತ್ತು ನಲವತ್ತು. ಸುತ್ತ ಜಾಗ ಬಿಡಬೇಕು ಅಂತ ನಕ್ಷೆಯಲ್ಲಿ ಗೆರೆ ಇರುತ್ತದೆ, ಕಟ್ಟುವಾಗ ಆ ಗೆರೆ ಮಾಯ. ಪಕ್ಕದವರೂ ಹಾಗೇ ಕಟ್ಟುತ್ತಾರೆ. ಕೊನೆಗೆ ಎರಡು ಮನೆ ನಡುವೆ ಕೈ ತೂರಿಸುವಷ್ಟು ಸಂದಿ. ಆ ಸಂದಿಗೆ ತೆರೆಯುವ ಕಿಟಕಿಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ, ಪಕ್ಕದ ಮನೆಯ ಬಾತ್‌ರೂಮಿನ ಸದ್ದು ಮಾತ್ರ ಇದೆ. ಅಂದರೆ ನಾವು ಕಟ್ಟುತ್ತಿರುವುದೂ ಸಾಲುಮನೆಯೇ. ಲಂಡನ್ನಿನವರು ಗೊತ್ತಿದ್ದೂ ಸಾಲುಮನೆ ಕಟ್ಟಿದರು, ಅದರ ಕಷ್ಟಕ್ಕೆ ತಕ್ಕ ಹಾಗೆ ಯೋಚನೆ ಮಾಡಿದರು. ನಾವು ಬಿಡಿ ಮನೆ ಕಟ್ಟುತ್ತಿದ್ದೇವೆ ಅಂತ ಅಂದುಕೊಂಡು ಕಿಟಕಿಗಳನ್ನು ಪಕ್ಕದ ಗೋಡೆಯಲ್ಲಿ ಇಡುತ್ತಿದ್ದೇವೆ. ನನ್ನ ಮುಖ್ಯ ದೂರು ಇದೇ.

ಈಗ ಸೋನ್ ಅವರ ಮನೆಗೆ ಬರುತ್ತೇನೆ. ಹೆಂಡತಿಯ ಕಡೆಯಿಂದ ಬಂದ ಆಸ್ತಿ ಕೈಸೇರಿದ ಮೇಲೆ 12ನೇ ನಂಬರ್ ಕೊಂಡು 1792ರಿಂದ 1794ರ ಒಳಗೆ ಹೊಸದಾಗಿ ಕಟ್ಟಿದರು. ಆಮೇಲೆ ಪಕ್ಕದ 13. ಅದರ ಹಿಂಭಾಗದಲ್ಲಿ ಕುದುರೆ ಲಾಯವಿತ್ತು. 1808–09ರಲ್ಲಿ ಮೊದಲು ಆ ಲಾಯದ ಜಾಗವನ್ನೇ ಕೆಡವಿ ಅಲ್ಲಿ ತಮ್ಮ ಕಚೇರಿ ಮತ್ತು ಸಂಗ್ರಹದ ಜಾಗ ಕಟ್ಟಿದರು, 1812ರಲ್ಲಿ ಮುಂದಿನ ಮನೆ ಕಟ್ಟಿದರು. ಕೊನೆಗೆ 1823–24ರಲ್ಲಿ 14. ಮೂರು ಮನೆಗೂ ಬೀದಿ ಕಡೆ ಬೇರೆ ಬೇರೆ ಬಾಗಿಲು. 12ನ್ನೂ 14ರ ಮುಂಭಾಗವನ್ನೂ ಬಾಡಿಗೆಗೆ ಕೊಟ್ಟಿದ್ದರು. ಆದರೆ ಹಿಂಭಾಗದಲ್ಲಿ ಅವರ ಸಂಗ್ರಹಾಲಯ ಮನೆಯಿಂದ ಮನೆಗೆ ದಾಟಿ ಹರಡಿಕೊಂಡಿತು. ಬೀದಿಯಲ್ಲಿ ನಿಂತು ನೋಡಿದರೆ ಇದು ಯಾವುದೂ ಗೊತ್ತಾಗುವುದಿಲ್ಲ.

ಬೀದಿಯ ಕಡೆಯಿಂದ ಎದ್ದು ಕಾಣುವುದು 13ರ ಮುಖ ಮಾತ್ರ. ಅಕ್ಕಪಕ್ಕ ಎಲ್ಲ ಇಟ್ಟಿಗೆ, ಇದೊಂದಕ್ಕೆ ಬಿಳಿ ಪೋರ್ಟ್‌ಲೆಂಡ್ ಕಲ್ಲು. ಅದೂ ಸಾಲಿನಿಂದ ಸ್ವಲ್ಪ ಮುಂದಕ್ಕೆ ಬಂದ ಕಮಾನುಗಳ ಮೊಗಸಾಲೆ, ಮೊದಲು ಅದಕ್ಕೆ ಗಾಜೇ ಇರಲಿಲ್ಲ. ಇದನ್ನು ಕಂಡು ಆ ಭಾಗದ ಕಟ್ಟಡ ಅಧಿಕಾರಿ ವಿಲಿಯಂ ಕಿನ್ನಾರ್ಡ್ 1812ರಲ್ಲಿ ಕೇಸು ಹಾಕಿದರು, ಇದು 1774ರ ಕಾಯ್ದೆ ಮೀರಿದೆ, ಒಡೆಯಬೇಕು ಅಂತ. ದೇಶದ ಬ್ಯಾಂಕಿನ ವಾಸ್ತುಶಿಲ್ಪಿಯ ಮನೆ ಮೇಲೇ ಕೇಸು! ಸೋನ್ ವಾದ ಮಾಡಿ ಗೆದ್ದರು, ಆ ಮುಖ ಉಳಿಯಿತು. ಅಧಿಕಾರಿ ಮಾಡಿದ್ದೂ ತಪ್ಪಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಷ್ಟು ದೊಡ್ಡವರ ಮನೆಯಾದರೂ ಬೀದಿಯ ಗೆರೆ ಹಿಡಿದು ಅಳತೆ ಮಾಡುವ ಒಬ್ಬರು ಇದ್ದಿದ್ದಕ್ಕೇ ಆ ಊರಿನ ಬೀದಿಗಳು ಬೀದಿಗಳಾಗಿ ಉಳಿದವು. ಆ ಮುಖದ ಮೇಲೆ ನಿಂತಿರುವ ಎರಡು ಹೆಣ್ಣು ಪ್ರತಿಮೆಗಳು ಕಲ್ಲಿನವಲ್ಲ, ಮಣ್ಣು ಸುಟ್ಟು ಮಾಡಿದವು. ಎಲೀನರ್ ಕೋಡ್ ಅನ್ನುವ ಮಹಿಳೆ ನಡೆಸುತ್ತಿದ್ದ ಕಾರ್ಖಾನೆಯ ಮಾಲು ಅದು. ಕಾರ್ಖಾನೆ ಇದ್ದದ್ದು ನಮ್ಮ ಬಸವಣ್ಣನವರ ಪ್ರತಿಮೆ ಇರುವ ಅದೇ ಲ್ಯಾಂಬೆತ್‌ನಲ್ಲಿ.

ಒಳಗೆ ಹೋದರೆ ನೋಡಲೇಬೇಕಾದದ್ದು ಬೆಳಗಿನ ತಿಂಡಿ ತಿನ್ನುವ ಕೋಣೆ. ಚಿಕ್ಕದು. ನಮ್ಮ ಕಡೆಯ ಒಂದು ಸಾಧಾರಣ ಬೆಡ್‌ರೂಮಿನಲ್ಲಿ ಓಡಾಡುವ ಹಾಗೆ ಅಲ್ಲಿ ಓಡಾಡಬಹುದು, ಅಷ್ಟೇ. ಆದರೆ ಒಳಗೆ ಕಾಲಿಟ್ಟ ಕೂಡಲೇ ಅದು ಚಿಕ್ಕದು ಅಂತ ಅನಿಸುವುದಿಲ್ಲ. ಯಾಕೆ? ತಲೆಯ ಮೇಲೆ ಒಂದು ಗುಮ್ಮಟ ಇದೆ, ಆದರೆ ದಪ್ಪ ಗುಮ್ಮಟ ಅಲ್ಲ. ನಾಲ್ಕು ಜನ ಮೂಲೆ ಹಿಡಿದ ಪಂಚೆ ಗಾಳಿಗೆ ಮೇಲಕ್ಕೆ ಉಬ್ಬಿದರೆ ಹೇಗಿರುತ್ತದೋ ಹಾಗೆ ತೆಳುವಾಗಿ, ಹಗುರವಾಗಿ ನಾಲ್ಕು ಮೂಲೆಯ ಆಸರೆಯ ಮೇಲೆ ನಿಂತಿದೆ. ಅದರ ನಡುವೆ ಒಂದು ಎಂಟು ಮುಖದ ಗಾಜಿನ ಗೂಡು, ಅಲ್ಲಿಂದ ಸ್ವಲ್ಪ ಬೆಳಕು ಮೇಜಿನ ಮೇಲೆ ಬೀಳುತ್ತದೆ. ಇದು ಯಾರಿಗಾದರೂ ಹೊಳೆಯುವ ಕೆಲಸ. ನಿಜವಾದ ಕೆಲಸ ಇರುವುದು ಪಕ್ಕದಲ್ಲಿ. ಆ ಗುಮ್ಮಟ ಉತ್ತರ ಮತ್ತು ದಕ್ಷಿಣದ ಗೋಡೆಗಳನ್ನು ಮುಟ್ಟುವುದೇ ಇಲ್ಲ. ಗುಮ್ಮಟದ ಅಂಚಿಗೂ ಗೋಡೆಗೂ ನಡುವೆ ಜಾಗ ಬಿಟ್ಟಿದ್ದಾರೆ, ಆ ಜಾಗದ ಮೇಲೆ, ಕೆಳಗೆ ಕೂತವರ ಕಣ್ಣಿಗೆ ಕಾಣದ ಎತ್ತರದಲ್ಲಿ, ಗಾಜಿನ ಚಾವಣಿ ಇದೆ. ಆಕಾಶದ ಬೆಳಕು ಅಲ್ಲಿಂದ ಇಳಿದು ಗೋಡೆಯನ್ನು ತೊಳೆಯುತ್ತಾ ಕೆಳಗೆ ಬರುತ್ತದೆ.

ಇದರ ಲೆಕ್ಕ ಗೊತ್ತಾದರೆ ಎಲ್ಲ ಗೊತ್ತಾದಂತೆ. ಕೋಣೆ ಬೆಳಗಿದೆ ಅಂತ ನಮಗೆ ಅನಿಸುವುದು ನೆಲದ ಮೇಲೆ ಬಿದ್ದ ಬೆಳಕಿನಿಂದ ಅಲ್ಲ, ಕಣ್ಣಿನ ಎದುರಿಗಿರುವ ಗೋಡೆ ಎಷ್ಟು ಬೆಳ್ಳಗೆ ಕಾಣುತ್ತದೆ ಅನ್ನುವುದರಿಂದ. ಕಿಟಕಿ ಒಂದೇ ಕಡೆ ಇದ್ದರೆ ಕಿಟಕಿ ಹೊಳೆಯುತ್ತದೆ, ಅದರ ಸುತ್ತಲಿನ ಗೋಡೆ ಇನ್ನೂ ಕಪ್ಪಾಗಿ ಕಾಣುತ್ತದೆ. ಬೆಳಕು ಗೋಡೆಯ ಮೇಲೆ ಸವರಿಕೊಂಡು ಇಳಿದರೆ ಕಣ್ಣು ಕುಕ್ಕುವುದಿಲ್ಲ, ಗೋಡೆ ದೂರ ಸರಿದಂತೆ ಕಾಣುತ್ತದೆ, ಕೋಣೆ ದೊಡ್ಡದಾಗುತ್ತದೆ. ಸೋನ್ ಅಲ್ಲಿಗೂ ನಿಲ್ಲಿಸಲಿಲ್ಲ. ಗುಮ್ಮಟದ ಒಳಮೈಯಲ್ಲಿ ಉಬ್ಬುಗನ್ನಡಿಗಳನ್ನು ಕೂರಿಸಿದರು. ಒಂದೊಂದು ಕನ್ನಡಿಯಲ್ಲೂ ಇಡೀ ಕೋಣೆ ಸಣ್ಣದಾಗಿ ಕಾಣುತ್ತದೆ. ಒಂದು ಕಡೆ ಕಿಟಕಿಯಿಂದ ಒಳಂಗಳ ಕಾಣುತ್ತದೆ, ಇನ್ನೊಂದು ಕಡೆ ಹಿಂದಿನ ಸಂಗ್ರಹಾಲಯ. ಹೀಗೆ ಒಂದರ ಹಿಂದೊಂದು ಬರುವ ಚಮತ್ಕಾರಗಳೇ ಕಟ್ಟಡದ ಕಾವ್ಯ ಎಂಬ ಅರ್ಥದ ಮಾತನ್ನು ಅವರೇ ಈ ಕೋಣೆಯ ಬಗ್ಗೆ ಬರೆದಿದ್ದಾರೆ. ನನಗಂತೂ ಆ ಮಾತು ಅತಿ ಅನಿಸಲಿಲ್ಲ.

ಹಿಂಭಾಗದಲ್ಲಿ ಇನ್ನೊಂದು ಗುಮ್ಮಟ ಇದೆ, ಲಾಯ ಇದ್ದ ಕಡೆ. ಇಲ್ಲಿ ನೆಲವನ್ನೇ ಕೊರೆದು ಬಿಟ್ಟಿದ್ದಾರೆ. ಮೇಲಿನ ಗಾಜಿನಿಂದ ಬಿದ್ದ ಬೆಳಕು ಮಹಡಿಯ ನೆಲದಲ್ಲಿರುವ ತೆರವಿನ ಮೂಲಕ ನೆಲಮಾಳಿಗೆವರೆಗೂ ಇಳಿಯುತ್ತದೆ. ಆ ನೆಲಮಾಳಿಗೆಯಲ್ಲಿ ಇರುವುದು ಈಜಿಪ್ಟಿನ ರಾಜ ಒಂದನೇ ಸೇಟಿಯ ಕಲ್ಲಿನ ಶವಪೆಟ್ಟಿಗೆ. ಬೆಲ್ಜೋನಿ ಅನ್ನುವವರು 1817ರಲ್ಲಿ ಅದನ್ನು ಪತ್ತೆ ಮಾಡಿದ್ದು. ಬ್ರಿಟಿಷ್ ಮ್ಯೂಸಿಯಂ ಬೆಲೆ ಜಾಸ್ತಿ ಅಂತ ಬೇಡ ಅಂದಾಗ, 1824ರಲ್ಲಿ ಸೋನ್ 2,000 ಪೌಂಡ್ ಕೊಟ್ಟು ಕೊಂಡರು. ಅದನ್ನು ಒಳಗೆ ತರಲು ಹಿಂದಿನ ಗೋಡೆ ಒಡೆಯಬೇಕಾಯಿತು. ಮರುವರ್ಷ ಮೂರು ಸಂಜೆ ಊರಿನ ದೊಡ್ಡವರನ್ನೆಲ್ಲ ಕರೆದು, ದೀಪ ಹಚ್ಚಿ ಇದನ್ನು ತೋರಿಸಿದರು. ಕಲ್ಲು ಬೆಳಕು ಹಾಯುವಂಥದ್ದು, ದೀಪ ಹಿಡಿದರೆ ಒಳಗಿನಿಂದಲೇ ಬೆಳಗುತ್ತದೆ. ಈಜಿಪ್ಟಿನ ಆಸ್ತಿ ಅಲ್ಲಿ ಯಾಕಿರಬೇಕು ಅನ್ನುವ ಪ್ರಶ್ನೆ ನ್ಯಾಯವಾದದ್ದೇ, ಅದು ಬೇರೆ ಪತ್ರಕ್ಕೆ ಇರಲಿ. ಇಲ್ಲಿ ನಾನು ಹೇಳುವುದು ಇಷ್ಟು. ಮೂರು ಕಡೆ ಗೋಡೆ ಮುಚ್ಚಿದ ಜಾಗದಲ್ಲಿ, ನೆಲದ ಕೆಳಗಿನ ಕೋಣೆಗೂ ಹಗಲಿನ ಬೆಳಕು ತಲುಪಿಸಿದ್ದಾರೆ. ಅಲ್ಲಲ್ಲಿ ಗಾಜು ಹಳದಿ. ಲಂಡನ್ನಿನ ಬೂದು ಆಕಾಶದಿಂದ ಬಂದ ತಣ್ಣನೆಯ ಬೆಳಕು ಆ ಗಾಜಿನಲ್ಲಿ ಹಾಯ್ದು ಇಟಲಿಯ ಬಿಸಿಲಿನ ಬಣ್ಣ ಪಡೆಯುತ್ತದೆ.

ಮೇಲಿನಿಂದ ಬೆಳಕು ತರಲು ಆಗದ ಕಡೆ ಒಳಂಗಳ ಬಿಟ್ಟಿದ್ದಾರೆ. 13ರ ನಡುವೆ ಒಂದು, 14ರ ಹಿಂದೆ ಒಂದು, 12ರ ಹಿಂದೆ ಒಂದು. ಅವರ ಓದುವ ಕೋಣೆ ಇದೆಯಲ್ಲ, ಅದು ನಿಜಕ್ಕೂ ಕೋಣೆಯಲ್ಲ, ಊಟದ ಕೋಣೆಯಿಂದ ಹಿಂದಕ್ಕೆ ಹೋಗುವ ಒಂದು ಕಿರಿದಾದ ದಾರಿ. ಒಬ್ಬರು ಬಂದರೆ ಇನ್ನೊಬ್ಬರು ಸರಿದು ನಿಲ್ಲಬೇಕು. ಆದರೂ ಕತ್ತಲೆ ಇಲ್ಲ, ಎರಡು ಪಕ್ಕಕ್ಕೂ ಒಂದೊಂದು ಅಂಗಳ, ಎರಡೂ ಕಡೆ ಕಿಟಕಿ. ಅಂದರೆ ಸಾಲುಮನೆಯ ಹೊಟ್ಟೆಯೊಳಗೆ ಅವರು ಕಿಟಕಿಗೆ ಬೇಕಾದ ಹೊರಗೋಡೆಯನ್ನು ತಾವೇ ಮಾಡಿಕೊಂಡರು. ಇಷ್ಟು ಜಾಗ ಬಿಟ್ಟಿದ್ದಕ್ಕೆ ಅವರಿಗೆ ನಷ್ಟವೇನಾಯಿತು? ಒಂದೆರಡು ಕಪ್ಪು ಕೋಣೆ ಕಡಿಮೆಯಾಯಿತು, ಅಷ್ಟೇ ಅಲ್ವಾ.

ಚಿತ್ರಗಳ ಕೋಣೆಯ ಅಳತೆ ಹೇಳಿದರೆ ನಕ್ಷೆ ಬರೆಯುವವರು ಬೆರಗಾಗುತ್ತಾರೆ. ಉದ್ದ 13 ಅಡಿ 8 ಇಂಚು, ಅಗಲ 12 ಅಡಿ 4 ಇಂಚು, ಎತ್ತರ 19 ಅಡಿ 6 ಇಂಚು. ಇಷ್ಟೇ ಜಾಗದಲ್ಲಿ ನೂರಕ್ಕೂ ಹೆಚ್ಚು ಚಿತ್ರ. ಗೋಡೆಗಳೇ ಬಾಗಿಲುಗಳು! ಒಂದು ಪದರ ತೆರೆದರೆ ಹಿಂದೆ ಇನ್ನೊಂದು ಸಾಲು ಚಿತ್ರ. ಹೊಗಾರ್ತ್ ಬರೆದ ಹೆಸರಾಂತ ಚಿತ್ರಮಾಲೆಗಳು ಇರುವುದು ಇಲ್ಲೇ. ದಕ್ಷಿಣದ ಕಡೆಯ ಪದರಗಳನ್ನು ಪೂರ್ತಿ ತೆರೆದರೆ ಗೋಡೆಯೇ ಇಲ್ಲ, ಕೆಳಗಿನ ಕೋಣೆ ಕಾಣುತ್ತದೆ, ಎದುರಿಗೆ ಒಂದು ಹೆಣ್ಣಿನ ಶಿಲ್ಪ, ಅದರ ಮೇಲೂ ಮೇಲಿನಿಂದ ಬಿದ್ದ ಬೆಳಕು. ಅಲ್ಲಿನ ಸಿಬ್ಬಂದಿ ಆಗಾಗ ಬಂದು ತೆರೆದು ತೋರಿಸುತ್ತಾರೆ, ಕಾದು ನೋಡಬೇಕು.

ಈ ಮನೆ ಹೀಗೆ ಉಳಿದದ್ದು ಸುಮ್ನೆ ಅಲ್ಲ. ಸೋನ್ 1833ರಲ್ಲಿ ಪಾರ್ಲಿಮೆಂಟಿನಲ್ಲಿ ತಮ್ಮ ಮನೆಗೆಂದೇ ಒಂದು ಕಾಯ್ದೆ ಮಾಡಿಸಿಕೊಂಡರು. ತಾವು ತೀರಿಹೋದ ಮೇಲೆ ಮನೆ, ಸಂಗ್ರಹ ಎರಡೂ ದೇಶಕ್ಕೆ ಸೇರಬೇಕು, ಜನ ದುಡ್ಡು ಕೊಡದೆ ನೋಡಬೇಕು, ಆದಷ್ಟು ಮಟ್ಟಿಗೆ ತಾವು ಬಿಟ್ಟ ಹಾಗೇ ಇಡಬೇಕು ಅಂತ. 1837ರ ಜನವರಿಯಲ್ಲಿ ಇದೇ ಮನೆಯಲ್ಲಿ ತೀರಿಕೊಂಡರು. ಕಾಯ್ದೆಗೆ ಮನೆಯೊಳಗಿನ ನೋವೂ ಕಾರಣ. ಮಗ ಜಾರ್ಜ್ 1815ರಲ್ಲಿ ಹೆಸರು ಹಾಕದೆ ಪತ್ರಿಕೆಯಲ್ಲಿ ಅಪ್ಪನ ಕಟ್ಟಡಗಳನ್ನೇ ಹೀಯಾಳಿಸಿ ಬರೆದ. ಅದೇ ವರ್ಷ ತಾಯಿ ತೀರಿಕೊಂಡರು. ಸೋನ್ ಆ ಮಗನನ್ನು ಕ್ಷಮಿಸಲೇ ಇಲ್ಲ, ಮನೆ ಅವನ ಕೈಗೆ ಹೋಗದ ಹಾಗೆ ಕಾನೂನಿನಲ್ಲೇ ಕಟ್ಟಿ ಹಾಕಿದರು.

ಆ ಕಾಯ್ದೆ ಎಷ್ಟು ದೊಡ್ಡ ಕೆಲಸ ಮಾಡಿತು ಅನ್ನುವುದು ಅವರ ಇನ್ನೊಂದು ಕಟ್ಟಡ ನೋಡಿದರೆ ಗೊತ್ತಾಗುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲೂ ಸೋನ್ ಇದೇ ವಿದ್ಯೆ ಬಳಸಿದ್ದರು. ಕಳ್ಳರ ಭಯಕ್ಕೆ ಹೊರಗೋಡೆಗೆ ಕಿಟಕಿ ಇಡುವ ಹಾಗಿರಲಿಲ್ಲ, ಹಾಗಾಗಿ ದೊಡ್ಡ ದೊಡ್ಡ ಸಭಾಂಗಣಗಳಿಗೆಲ್ಲ ಬೆಳಕು ಮೇಲಿನಿಂದ. 1920 ಮತ್ತು 30ರ ದಶಕಗಳಲ್ಲಿ ಬ್ಯಾಂಕನ್ನು ದೊಡ್ಡದು ಮಾಡುವಾಗ ಆ ಸಭಾಂಗಣಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಕೆಡವಿದರು, ಹೊರಗೋಡೆ ಉಳಿಸಿದರು. ಹೊಸದನ್ನು ಕಟ್ಟಿದವರು ಹರ್ಬರ್ಟ್ ಬೇಕರ್. ನಮ್ಮ ದೆಹಲಿಯ ಸಚಿವಾಲಯದ ಎರಡು ಕಟ್ಟಡಗಳನ್ನೂ ಹಳೇ ಸಂಸತ್ ಭವನವನ್ನೂ ಕಟ್ಟಿದವರು. ಬ್ಯಾಂಕಿಗೆ ಕಾಯ್ದೆಯ ರಕ್ಷಣೆ ಇರಲಿಲ್ಲ, ಹೋಯಿತು. ಮನೆಗೆ ಇತ್ತು, ಉಳಿಯಿತು. ಲಂಡನ್ನಿನ ಕೆಂಪು ಟೆಲಿಫೋನ್ ಗೂಡು ಎಲ್ಲರಿಗೂ ಗೊತ್ತಲ್ಲ, ಅದರ ಉಬ್ಬಿದ ನೆತ್ತಿಯ ಆಕಾರ ಸೋನ್ ತಮ್ಮ ಹೆಂಡತಿಗೆ ಕಟ್ಟಿಸಿದ ಸಮಾಧಿಯಿಂದ ಬಂದದ್ದು ಅಂತ ಹೇಳುತ್ತಾರೆ. ಅದನ್ನು ರೂಪಿಸಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಈ ಮನೆಯ ಟ್ರಸ್ಟಿಗಳಲ್ಲಿ ಒಬ್ಬರಾಗಿದ್ದವರು.

ನಮ್ಮವರಿಗೆ ಇದೆಲ್ಲ ಗೊತ್ತಿಲ್ಲದ ವಿದ್ಯೆಯೇನಲ್ಲ. ಮಲೆನಾಡಿನ ತೊಟ್ಟಿಮನೆಯಲ್ಲಿ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ. ಹಳೇ ಮೈಸೂರು ಕಡೆ ಅಡಿಗೆಮನೆಯ ಮೇಲೆ ಗವಾಕ್ಷಿ, ಹೊಗೆ ಹೋಗಲಿಕ್ಕೂ ಅದೇ, ಬೆಳಕು ಬರಲಿಕ್ಕೂ ಅದೇ. ಮಂಗಳೂರು ಹೆಂಚಿನ ಮನೆಗಳಲ್ಲಿ ನಡುನಡುವೆ ಒಂದೆರಡು ಗಾಜಿನ ಹೆಂಚು. ಬೆಂಗಳೂರು ಮೈಸೂರುಗಳ ವಠಾರದ ಮನೆಗಳು ಎರಡೂ ಕಡೆ ಗೋಡೆ ಹಂಚಿಕೊಂಡ ಸಾಲುಮನೆಗಳೇ, ಅಲ್ಲಿ ಬದುಕಿದವರಿಗೆ ಆ ಒಂದು ಗಾಜಿನ ಹೆಂಚಿನ ಬೆಲೆ ಗೊತ್ತು. ಹೆಂಚು ಹೋಗಿ ಮೋಲ್ಡ್ ಬಂತು, ಗಾಜಿನ ಹೆಂಚೂ ಗವಾಕ್ಷಿಯೂ ಅದರ ಜೊತೆ ಹೋದವು. ತಾರಸಿಗೆ ತೂತು ಇಟ್ಟರೆ ಸೋರುತ್ತದೆ ಅಂತ ಮೇಸ್ತ್ರಿಗಳು ಹೆದರಿಸುತ್ತಾರೆ. ಸರಿಯಾಗಿ ಕಟ್ಟದಿದ್ದರೆ ಸೋರುವುದು ನಿಜ. ತೆರವಿನ ಸುತ್ತ ತಾರಸಿಯ ಮಟ್ಟಕ್ಕಿಂತ ಎತ್ತರಕ್ಕೆ ಕಟ್ಟೆ ಎಬ್ಬಿಸಿ, ಗಾಜು ಆ ಕಟ್ಟೆಯಿಂದ ಹೊರಕ್ಕೆ ಚಾಚುವಂತೆ ಮಾಡಿದರೆ ನೀರು ಒಳಗೆ ಬರಲು ದಾರಿಯೇ ಇರುವುದಿಲ್ಲ.

ಆದರೆ ಲಂಡನ್ನಿನ ಕೆಲಸವನ್ನು ಇದ್ದ ಹಾಗೇ ಇಲ್ಲಿ ತಂದರೆ ಕೆಡುತ್ತದೆ, ಇದನ್ನು ಒತ್ತಿ ಹೇಳುತ್ತೇನೆ. ಲಂಡನ್ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶ ದಾಟಿ, ಅಲ್ಲಿ ಸೂರ್ಯ ಯಾವತ್ತೂ ನೆತ್ತಿಗೆ ಬರುವುದಿಲ್ಲ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ತಾರಸಿ ಮೇಲೆ ಚಪ್ಪಟೆಯಾಗಿ ಗಾಜು ಹಾಸಿದರೆ ಏಪ್ರಿಲ್‌ನಲ್ಲಿ ಮನೆ ಬೇಯುತ್ತದೆ. ಈಗ ಕೆಲವು ಹೊಸ ಮನೆಗಳಲ್ಲಿ ಮೆಟ್ಟಿಲ ಮೇಲೆ ಹಾಗೇ ಹಾಕಿ, ಆಮೇಲೆ ತಾಳಲಾರದೆ ಅದರ ಮೇಲೆ ಹಸಿರು ಬಲೆ ಕಟ್ಟಿರುವುದನ್ನು ನೀವೂ ನೋಡಿರುತ್ತೀರಿ. ನಮಗೆ ಬೇಕಾದದ್ದು ನಿಂತ ಗಾಜು. ಮೆಟ್ಟಿಲ ಹೆಡ್‌ರೂಮ್ ಹೇಗಿದ್ದರೂ ಕಟ್ಟುತ್ತೇವಲ್ಲ, ಅದನ್ನು ಎರಡಡಿ ಎತ್ತರಿಸಿ ಉತ್ತರದ ಗೋಡೆಗೆ ಉದ್ದಕ್ಕೂ ಕಿಟಕಿ ಇಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಹಾಗಾಗಿ ಅದರ ಮೇಲೊಂದು ಸಜ್ಜಾ ಬೇಕು. ಕಿಟಕಿಯ ಒಂದು ಭಾಗ ತೆರೆಯುವಂತಿರಲಿ, ಮನೆಯ ಬಿಸಿಗಾಳಿ ಎಲ್ಲ ಮೇಲೇರಿ ಅಲ್ಲಿಂದಲೇ ಹೋಗುತ್ತದೆ. ಅದರ ಎದುರಿನ ಗೋಡೆಗೆ ಬಿಳಿ ಸುಣ್ಣ ಹೊಡೆಯಿರಿ, ಆ ಗೋಡೆಯೇ ಕೆಳಗಿನ ಹಾಲ್‌ಗೆ ದೀಪ. ಮೆಟ್ಟಿಲು ಮೂಲೆಗೆ ತಳ್ಳುವ ಬದಲು ಮನೆಯ ನಡುವೆ ಬರಲಿ. ಮೆಟ್ಟಿಲಿನ ಕೆಳಗೆ ಗೋಡೆ ಕಟ್ಟಿ ಮುಚ್ಚಬೇಡಿ. ಖರ್ಚು? ಫಾಲ್ಸ್ ಸೀಲಿಂಗಿಗೂ ಅದರೊಳಗಿನ ದೀಪಗಳಿಗೂ ಸುರಿಯುವ ದುಡ್ಡನ್ನು ಇದಕ್ಕೆ ಹಾಕಿ ಅನ್ನುತ್ತೇನೆ. ಅದು ತಿಂಗಳು ತಿಂಗಳು ಕರೆಂಟ್ ಬಿಲ್ ತರುತ್ತದೆ, ಇದು ತರುವುದಿಲ್ಲ.

ನನ್ನ ಕೆಲಸದ ದಿನಗಳಲ್ಲಿ ನಕ್ಷೆಯಲ್ಲಿ ಇಂಥ ಬೆಳಕಿಂಡಿ ತೋರಿಸಿದಾಗಲೆಲ್ಲ ಮನೆ ಕಟ್ಟಿಸುವವರು ಅಲ್ಲೊಂದು ಸ್ಟೋರ್ ರೂಮ್ ಬರುತ್ತಲ್ಲ ಸಾರ್ ಅನ್ನುತ್ತಿದ್ದರು. ಅವರನ್ನು ದೂರುವುದಿಲ್ಲ. ಸಾಲ ಮಾಡಿ ಕೊಂಡ ಸೈಟು, ಒಂದೊಂದು ಅಡಿಗೂ ಲೆಕ್ಕ ಹಾಕುತ್ತಾರೆ. ಅವರಿಗೆ ಬೆಳಕಿನ ಮನೆ ಹೇಗಿರುತ್ತದೆ ಅಂತ ತೋರಿಸಿದವರು ಯಾರೂ ಇಲ್ಲ. ನೆಲದ ನಕ್ಷೆ ನೋಡಿ ಜನಕ್ಕೆ ಕೋಣೆಗಳು ಗೊತ್ತಾಗುತ್ತವೆ, ಬೆಳಕು ಗೊತ್ತಾಗುವುದಿಲ್ಲ. ಬೆಳಕು ತೋರಿಸಬೇಕಾದರೆ ಮನೆಯನ್ನು ಮೇಲಿನಿಂದ ಕೆಳಗೆ ಸೀಳಿದ ಹಾಗೆ ಬರೆದ ಚಿತ್ರ ಬೇಕು. ನಿಮ್ಮ ಮನೆ ಪುಟದಲ್ಲಿ ಪ್ರತಿ ವಾರ ನೆಲದ ನಕ್ಷೆ ಹಾಕುತ್ತೀರಿ. ಜೊತೆಗೆ ಸೀಳು ನಕ್ಷೆಯನ್ನೂ ಹಾಕಿ, ದಯವಿಟ್ಟು. ಮೊದಲ ವಾರ ಸೋನ್ ಅವರ ತಿಂಡಿ ಕೋಣೆಯದ್ದು, ಪಕ್ಕದಲ್ಲೇ ನಮ್ಮ ಮಲೆನಾಡಿನ ಒಂದು ತೊಟ್ಟಿಮನೆಯದ್ದು. ಬರೆದು ಕೊಡಲು ಬೇಕಾದರೆ ನಾನೇ ಬರೆದು ಕೊಡುತ್ತೇನೆ, ಸಂಭಾವನೆ ಏನೂ ಬೇಡ.

ಲಂಡನ್ನಿಗೆ ಹೋಗುವ ಓದುಗರಿಗೆ ಒಂದು ಮಾತು. ಹೋಬರ್ನ್ ಅನ್ನುವ ಟ್ಯೂಬ್ ರೈಲು ನಿಲ್ದಾಣದಲ್ಲಿ ಇಳಿದರೆ ಐದು ಹತ್ತು ನಿಮಿಷ ನಡೆದರೆ ಸಾಕು. ಬುಧವಾರದಿಂದ ಭಾನುವಾರದವರೆಗೆ ತೆರೆದಿರುತ್ತದೆ. ಒಳಗೆ ಜಾಗ ಇಕ್ಕಟ್ಟು, ಒಮ್ಮೆಗೆ ಸ್ವಲ್ಪ ಜನರನ್ನೇ ಬಿಡುತ್ತಾರೆ, ಬಾಗಿಲಲ್ಲಿ ಸಾಲು ನಿಲ್ಲಬೇಕಾಗಬಹುದು. ಮೆಟ್ಟಿಲುಗಳು ಕಿರಿದು, ಮಂಡಿನೋವು ಇರುವವರು ನಿಧಾನಕ್ಕೆ ಹತ್ತಿ. ಮೋಡ ಮುಸುಕಿದ ದಿನ ಬೇರೆಲ್ಲೂ ಹೋಗಲು ಮನಸ್ಸಾಗುವುದಿಲ್ಲವಲ್ಲ, ಈ ಮನೆಗೆ ಅಂಥ ದಿನವೇ ಹೋಗಿ. ಹೊರಗೆ ಆಕಾಶ ಬೂದಿ ಬಣ್ಣಕ್ಕಿದ್ದರೂ ಒಳಗೆ ಕೋಣೆಗಳು ಎಷ್ಟು ಬೆಳಗಿರುತ್ತವೆ ಅನ್ನುವುದು ಆಗಲೇ ಚೆನ್ನಾಗಿ ಗೊತ್ತಾಗುವುದು.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ,
ಬೆಂಗಳೂರು